ಯಾರೂ ಕೇಳಲಿಲ್ಲ

ಜನಮತಗಣನೆಗೆ ಉರ್ದುವಿನಲ್ಲಿ 'ಇಸ್ತಿಸ್ವಾಬೆ ರಾಯ್' ಎನ್ನುತ್ತಾರೆ. ಸವಾಬ್ ಅಂದರೆ ಸರಿಯಾದುದು; ಯಾವುದು ಸರಿಯೆಂದು ಜನರನ್ನೇ ಕೇಳುವುದು. (ಪುಣ್ಯ ಎಂಬರ್ಥದ ಸವಾಬ್ ಬೇರೆ, ಅದರ ಅಕ್ಷರವೇ ಬೇರೆ. ನಮ್ಮ ಕಲಬುರಗಿಯ ನಾಲಿಗೆಗೆ ಎರಡೂ ಒಂದೇ.) ಕನ್ನಡದ ಪದದಲ್ಲಿ ಎಣಿಕೆಯಿದೆ, ಉರ್ದುವಿನದರಲ್ಲಿ ಕೇಳುವುದಿದೆ. ನಿಜಾಮರ ಸಂಸ್ಥಾನದ ಪ್ರಜೆಗಳಿಗೆ ಎರಡೂ ಸಿಗಲಿಲ್ಲ.

1948ರ ಫೆಬ್ರವರಿಯಲ್ಲಿ ಜುನಾಗಢದವರನ್ನು ಕೇಳಿದರು. 1,90,870 ಮತ ಬಿದ್ದವು, ಪಾಕಿಸ್ತಾನಕ್ಕೆ ಬಂದದ್ದು 91. ಭಾರತದ ಆಡಳಿತ ಕೂತ ಮೇಲಿನ ಎಣಿಕೆ ಅದು ಎಂದು ಆಕ್ಷೇಪಿಸುವವರಿದ್ದಾರೆ. ಇರಲಿ, ಲೆಕ್ಕವಾದರೂ ಉಳಿಯಿತು. ಅದೇ ಜೂನ್‌ನಲ್ಲಿ ದೆಹಲಿ-ಹೈದರಾಬಾದ್ ಮಾತುಕತೆಯ ಕರಡಿನಲ್ಲೂ ಜನಮತಗಣನೆಯಿತ್ತು, ಜವಾಬ್ದಾರಿ ಸರ್ಕಾರವಿತ್ತು. ನಿಜಾಮರ ಸಹಿ ಬೀಳಲಿಲ್ಲ.

ಕೇಳದೇ ಹೋದದ್ದರ ಬೆಲೆ ತೆತ್ತವರು ಯಾರು? ರಜಾಕಾರರ ಕೂಗನ್ನೇ ಎಲ್ಲ ಮುಸಲ್ಮಾನರ ಮತವೆಂದು ಬರೆದುಕೊಂಡರು. ಆ ಕೂಗಿಗೆ ಎದುರಾಗಿ ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಕೊಲೆಯಾದರು. ರಜಾಕಾರರ ಕೈಯಲ್ಲಿ ಹಳ್ಳಿಗಳು ಸುಟ್ಟವು. ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಆಮೇಲೆ, ರಜಾಕಾರರಲ್ಲದವರ ಮನೆಗಳೂ ಬರಿದಾದವು. ಸುಂದರಲಾಲ್ ಸಮಿತಿ ಸತ್ತವರನ್ನು 27ರಿಂದ 40 ಸಾವಿರವೆಂದು ಅಂದಾಜಿಸಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು. ಆ ವರದಿ ದಶಕಗಳ ಕಾಲ ಕಪಾಟಿನಲ್ಲೇ ಇತ್ತು.

1949ರ ನವೆಂಬರ್ 23ರ ಫರ್ಮಾನಿನಲ್ಲಿ ನಿಜಾಮರು ಭಾರತದ ಸಂವಿಧಾನವನ್ನು ಒಪ್ಪಿದರು. ಸಂಸ್ಥಾನದ ಸಂವಿಧಾನ ಸಭೆಯ ಮೂಲಕ ಪ್ರಜೆಗಳು ಅನುಮೋದಿಸಬೇಕು ಎಂಬ ಮಾತೂ ಅದರಲ್ಲಿತ್ತು. ಆ ಸಭೆ ಸೇರಲೇ ಇಲ್ಲ. ಅರಸೊತ್ತಿಗೆಯ ಕೊನೆಯ ಕಾಗದದಲ್ಲಿ ಪ್ರಜೆಯ ಹೆಸರು ಬಂತು, ಅಷ್ಟೇ.

ಹಾಗಿದ್ದೂ ಪ್ರತಿ ಸೆಪ್ಟೆಂಬರ್ 17ಕ್ಕೆ ಯಾರಾದರೊಬ್ಬರು ನಮ್ಮನ್ನು ಕೇಳುತ್ತಾರೆ: ನಿಮ್ಮವರು ಆಗ ಯಾವ ಕಡೆ ಇದ್ದರು? ಕಪನೂರಿನ ಕೈಗಾರಿಕಾ ಪ್ರದೇಶದ ಚಹಾದಂಗಡಿಯಲ್ಲೂ ಈ ಪ್ರಶ್ನೆ ನನಗೆ ಎದುರಾಗಿದೆ. ಕೇಳಿದವನು ಒಳ್ಳೆಯ ಹುಡುಗ, ದ್ವೇಷವಿರಲಿಲ್ಲ. ಲೆಕ್ಕವೇ ಇಲ್ಲದ ಮತಕ್ಕೆ ಯಾವ ಉತ್ತರ ಕೊಡುವುದು? ನಾನು ನಮ್ಮ ನಾನಿಯ ಮಾತನ್ನೇ ಹೇಳಿದೆ. "ಸರ್ಕಾರ್ ಭೀ ನೈ ಪೂಛೇ, ಫೌಜ್ ಭೀ ನೈ ಪೂಛೀ" ಎನ್ನುತ್ತಿದ್ದಳು. ಸರ್ಕಾರ್ ಅಂದರೆ ಅವಳಿಗೆ ನಿಜಾಮರು. ಅವರೂ ಕೇಳಲಿಲ್ಲ, ಸೈನ್ಯವೂ ಕೇಳಲಿಲ್ಲ.

ಅವಳನ್ನು ಮೊದಲು ಕೇಳಿದ್ದು 1952ರ ಚುನಾವಣೆ. ಆಗ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆಬೇರೆ ಪೆಟ್ಟಿಗೆ. ಬುರ್ಖಾದೊಳಗಿಂದ ಕೈ ಚಾಚಿ ಚೀಟಿ ಹಾಕಿ ಬಂದಳಂತೆ. ಯಾವ ಪೆಟ್ಟಿಗೆಗೆ ಹಾಕಿದಳೆಂದು ನಾನಾಗೂ ಹೇಳಿರಲಿಲ್ಲ.