ಕಡ ತಂದ ಕಣ್ಣೀರು

ಪರರ ಕಾವ್ಯದಿಂದ ಒಂದು ಸಾಲನ್ನು ಕದ್ದವನಿಗೆ ಕಾವ್ಯಚೋರನೆಂಬ ಬಿರುದು ತಪ್ಪಿದ್ದಲ್ಲ. ನೂರಾರು ಸಾಲುಗಳನ್ನು ಹಾಡುಹಗಲಿನಲ್ಲಿಯೇ ಹೊತ್ತುಕೊಂಡು ಹೋದವನನ್ನು ಏನೆಂದು ಕರೆಯಬೇಕು? ಕವಿಯೆಂದೇ ಕರೆದವರುಂಟು. ಹಳೆಯ ಕೃತಿಯ ಪಂಕ್ತಿಗಳನ್ನು ಆಯ್ದು, ಬೇರೆಯ ಕ್ರಮದಲ್ಲಿ ಕೂಡಿಸಿ, ಹೊಸ ಕಾವ್ಯವನ್ನು ಕಟ್ಟುವ ಈ ವಿದ್ಯೆಗೆ ಲ್ಯಾಟಿನ್ನಿನಲ್ಲಿ ‘ಸೆಂಟೋ’ ಎಂದು ಹೆಸರು. ಚಿಂದಿಗಳನ್ನು ಸೇರಿಸಿ ಹೊಲಿದ ಹೊದಿಕೆ ಎಂದು ಆ ಮಾತಿನ ಅರ್ಥ. ನಮ್ಮ ಮುದುಕಿಯರು ಹಳೆಯ ಸೀರೆಗಳಿಂದ ಹೊಲಿಯುವ ಕೌದಿಯೆಂದರೂ ಸರಿಯೆ. ನಾಲ್ಕನೆಯ ಶತಮಾನದ ಅಸೋನಿಯಸ್ ಎಂಬಾತ ವರ್ಜಿಲನ ಗಂಭೀರ ಪಂಕ್ತಿಗಳಿಂದ ಮದುವೆಯ ರಾತ್ರಿಯ ಪದ್ಯವೊಂದನ್ನು ಹೊಲಿದು ನಗಿಸಿದನು. ಅಷ್ಟೂ ಪಂಡಿತರ ವಿನೋದವೇ.

ನಮ್ಮಲ್ಲಿ ಈ ಕೆಲಸ ನಡೆದದ್ದು ವಿನೋದಕ್ಕಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಮೇಘದೂತದ ಪಾದಗಳನ್ನೆಲ್ಲ ತಮ್ಮ ‘ಪಾರ್ಶ್ವಾಭ್ಯುದಯ’ದಲ್ಲಿ ಹೆಣೆದು, ವಿರಹಿ ಯಕ್ಷನ ಮಾತುಗಳಿಂದಲೇ ತೀರ್ಥಂಕರನ ತಪಸ್ಸಿನ ಕಥೆಯನ್ನು ಹೇಳಿದರು.

ಗ್ರೀಕ್ ಭಾಷೆಯಲ್ಲಿ, ಬಹುಶಃ 12ನೆಯ ಶತಮಾನದಲ್ಲಿ, ಬೈಜಾಂಟಿಯಮ್ಮಿನ ಕವಿಯೊಬ್ಬ ಕ್ರಿಸ್ತನ ಮರಣವನ್ನು ಕುರಿತು ನಾಟಕ ಬರೆದನು. ‘ಕ್ರಿಸ್ಟಸ್ ಪೇಷಿಯನ್ಸ್’ ಎಂದು ಹೆಸರಾದ ಅದರ ಸುಮಾರು 2600 ಪಂಕ್ತಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಯೂರಿಪಿಡೀಸನದು. ಕೆಲವೆಡೆ ಇದ್ದಂತೆಯೇ, ಕೆಲವೆಡೆ ಒಂದೆರಡು ಪದ ಬದಲಿಸಿ. ‘ಮೆಡೀಯ’ ನಾಟಕದ ಮೊದಲಿಗೆ ಮುದುಕಿ ದಾದಿ, ಆ ಹಡಗು ಬಾರದೇ ಹೋಗಿದ್ದರೆ ಎಂದು ಹಲುಬುತ್ತಾಳೆ. ಇಲ್ಲಿ ಮೇರಿಮಾತೆ ಅದೇ ಧಾಟಿಯಲ್ಲಿ, ಆದಿಯ ತೋಟದೊಳಗೆ ಹಾವು ಹರಿಯದೇ ಹೋಗಿದ್ದರೆ ಎಂದು ಹಲುಬುತ್ತಾಳೆ. ಮಕ್ಕಳನ್ನು ಕೊಂದ ಮೆಡೀಯಳ ಮಾತು ಈ ತಾಯಿಯ ಬಾಯಿಗೆ ಸಲ್ಲುವುದೇ ಎಂದು ಮೂಗು ಮುರಿಯಬಹುದು. ಮುರಿಯುವ ಮೊದಲು ಇನ್ನೊಂದು ಸಂಗತಿಯನ್ನು ಕೇಳಬೇಕು.

ಯೂರಿಪಿಡೀಸನ ಕೊನೆಗಾಲದ ನಾಟಕ ‘ಬಾಕ್ಖೈ’. ದೇವರ ಕೋಪದಿಂದ ಬುದ್ಧಿ ತಪ್ಪಿದ ಅಗಾವೆ ತನ್ನ ಮಗನನ್ನು ಸಿಂಹವೆಂದು ಬಗೆದು ಕೈಯಾರೆ ಸೀಳುತ್ತಾಳೆ; ತಲೆಯನ್ನು ಹೆಮ್ಮೆಯಿಂದ ಊರಿಗೆ ತರುತ್ತಾಳೆ. ಬೆಟ್ಟದಲ್ಲಿ ಚೆಲ್ಲಿದ್ದ ಅವಯವಗಳನ್ನು ಅವಳ ಮುದಿ ತಂದೆ ಹುಡುಕಿ ಹೊರಿಸಿಕೊಂಡು ಬರುತ್ತಾನೆ. ಬುದ್ಧಿ ತಿಳಿಯಾದ ಮೇಲೆ ತಾಯಿ ಒಂದೊಂದೇ ಅಂಗವನ್ನು ಕೈಗೆತ್ತಿಕೊಂಡು ಅಳುತ್ತಾಳೆಂದು ಮೂರನೆಯ ಶತಮಾನದ ಆಪ್ಸೀನೆಸ್ ಎಂಬ ಅಲಂಕಾರಶಾಸ್ತ್ರಜ್ಞ ಬರೆದಿದ್ದಾನೆ. ಆ ಅಳು ಮಾತ್ರ ನಮಗೆ ಕೇಳಿಸುವುದಿಲ್ಲ. ನಾಟಕದ ಕೊನೆಯ ಭಾಗ ಉಳಿದುಬಂದದ್ದು 14ನೆಯ ಶತಮಾನದ ಒಂದೇ ಹಸ್ತಪ್ರತಿಯಲ್ಲಿ. ಅದರಲ್ಲಿಯೂ ಸರಿಯಾಗಿ ಅಲ್ಲಿಯೇ ಪಾಠ ಕಡಿದುಹೋಗಿದೆ.

ವಿದ್ವಾಂಸರು ಹುಡುಕುತ್ತ ಬಂದದ್ದು ಕೌದಿಯ ಬಳಿಗೆ. ಬೈಜಾಂಟಿಯಮ್ಮಿನ ಕವಿಯ ಮುಂದೆ ‘ಬಾಕ್ಖೈ’ ಪೂರ್ಣವಾಗಿದ್ದಿರಬೇಕು. ಮಗನ ಕಳೇಬರದ ಮುಂದೆ ಮೇರಿ ಆಡುವ ಕೆಲವು ಮಾತುಗಳು ಅಗಾವೆಯವೇ ಇರಬೇಕು. ಯಾವ ಪದ ಹಳೆಯದು, ಯಾವುದು ಹೊಸ ಹೊಲಿಗೆ ಎಂದು ಆಣೆಯಿಟ್ಟು ಹೇಳುವಂತಿಲ್ಲ. ಆದರೂ 1944ರಲ್ಲಿ ಇ. ಆರ್. ಡಾಡ್ಸ್ ಹೊರತಂದ ‘ಬಾಕ್ಖೈ’ ಆವೃತ್ತಿಯ ಅನುಬಂಧವನ್ನು ತೆರೆದರೆ, ಕಳೆದುಹೋದ ಸಾಲುಗಳಾಗಿರಬಹುದೆಂದು ಮೇರಿಯ ಮಾತುಗಳೂ ಅಲ್ಲಿ ಅಚ್ಚಾಗಿವೆ.