ಆಪಾಗೆ ಪಕ್ಕದ್ದು ಕಾಣುತ್ತಿರಲಿಲ್ಲ

ನಿಟ್ಟೂರಿನ ನಮ್ಮ ಮನೆಯ ಬಾಗಿಲು ಅಗಲವಾಗಿಯೇ ಇದೆ. ಆದರೂ ಆಪಾ ಒಳಬರುವಾಗ ಹೆಗಲು ಚೌಕಟ್ಟಿಗೆ ಬಡಿಯುತ್ತಿತ್ತು. ಪಕ್ಕದಲ್ಲಿಟ್ಟ ಲೋಟ ಕೈತಾಗಿ ಉರುಳುತ್ತಿತ್ತು. "ನೋಡಿಕೊಂಡು ನಡೆಯಬಾರದೇ ಆಪಾ?" ಎಂದು ಗದರಿದವಳು ನಾನೇ. ಮೂವತ್ತೆಂಟಕ್ಕೇ ಅವರ ಮುಟ್ಟು ನಿಂತಿತ್ತು. "ಕೆಲವರಿಗೆ ಬೇಗ ನಿಲ್ಲುತ್ತದೆ" ಎಂದು ನಾವೇ ತೀರ್ಮಾನಿಸಿಬಿಟ್ಟೆವು. ತಲೆನೋವಿಗೆ ಅಂಗಡಿಯ ಮಾತ್ರೆ ಸಾಕಾಯಿತು.

ಕನ್ನಡಕಕ್ಕೆಂದು ತುಮಕೂರಿಗೆ ಕರೆದೊಯ್ದಾಗ ಕಣ್ಣಿನ ಡಾಕ್ಟರು ಎರಡೂ ಬದಿಯಲ್ಲಿ ಬೆರಳಾಡಿಸಿ ಪರೀಕ್ಷಿಸಿದರು. ಆಪಾಗೆ ಎದುರಿನದು ಕಾಣುತ್ತಿತ್ತು, ಎರಡೂ ಪಕ್ಕದ್ದು ಕಾಣುತ್ತಿರಲಿಲ್ಲ. ಮರುವಾರವೇ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು.

ಅಲ್ಲಿ ಡಾಕ್ಟರು ಸ್ಕ್ಯಾನ್ ತೋರಿಸಿ ತಿಳಿಸಿದರು. ಮೆದುಳು ಕುಳಿತಿರುವ ತಲೆಬುರುಡೆಯ ತಳ ಸಪಾಟಾದ ನೆಲವಲ್ಲ. ನರಗಳೂ ರಕ್ತನಾಳಗಳೂ ಹಾದುಹೋಗುವ ರಂಧ್ರಗಳು ಅದರ ತುಂಬ ಇವೆ. ಅದರ ನಡುವೆ ಕುದುರೆಯ ಜೀನಿನಂತಹ ಒಂದು ತಗ್ಗು. ವೈದ್ಯರು ಅದನ್ನು 'ಟರ್ಕಿ ಜೀನು' ಎಂದೇ ಕರೆಯುತ್ತಾರೆ. ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿಯ ಸ್ಥಾನ ಅದು. ಮುಟ್ಟನ್ನು ನಡೆಸುವ ಹಾರ್ಮೋನುಗಳು ಅಲ್ಲಿಂದಲೇ ಬರುತ್ತವೆ. ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವುದು ಅದರ ಮೇಲೆ. ಇಕ್ಕೆಲಗಳಲ್ಲಿ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು. ಆಪಾಳ ಗ್ರಂಥಿಯಲ್ಲಿ ಗಡ್ಡೆ ಬೆಳೆದು ಆ ನರಗಳನ್ನು ಒತ್ತುತ್ತಿತ್ತು.

ತಲೆ ತೆರೆಯಬೇಕಿರಲಿಲ್ಲ. ಮೂಗಿನ ಹಿಂದಿನ ಎಲುಬಿನ ಗೂಡಿನ ಮೂಲಕ ಆ ತಗ್ಗನ್ನು ತಲುಪಬಹುದು. 1907ರಲ್ಲಿ ಆಸ್ಟ್ರಿಯಾದ ಷ್ಲಾಫರ್ ಎಂಬ ವೈದ್ಯರು ಮೊದಲು ತುಳಿದ ದಾರಿ ಇದು. ಆದರೆ ಸಲಕರಣೆ ಸ್ವಲ್ಪ ಪಕ್ಕಕ್ಕೆ ಸರಿದರೂ ಆ ರಕ್ತನಾಳವಿದೆ. ದುಲ್ಹಾಭಾಯಿ ಸಹಿ ಹಾಕುವಾಗ ಕೈ ನಡುಗುತ್ತಿತ್ತು.

ಹೊರಗೆ ಬೆಂಚಿನ ಮೇಲೆ ಕುಳಿತಾಗ ನನಗೆ ಅಬ್ದುಲ್ಲತೀಫ್ ಬಗ್ದಾದಿ ನೆನಪಾದರು. ಕೆಳದವಡೆ ಎರಡು ಎಲುಬಿನದು ಎಂದು ಗ್ಯಾಲೆನ್ ಬರೆದದ್ದನ್ನು ಶತಮಾನಗಳ ಕಾಲ ಎಲ್ಲರೂ ನಂಬಿದ್ದರು. ಸುಮಾರು 1200ರಲ್ಲಿ, ಕ್ಷಾಮದಿಂದ ಸತ್ತವರ ಎಲುಬುಗಳು ರಾಶಿಬಿದ್ದಿದ್ದ ಈಜಿಪ್ಟಿನಲ್ಲಿ, ಈ ವಿದ್ವಾಂಸರು ಎರಡು ಸಾವಿರಕ್ಕೂ ಹೆಚ್ಚು ತಲೆಬುರುಡೆಗಳನ್ನು ಪರೀಕ್ಷಿಸಿ ಅದು ಒಂದೇ ಎಲುಬು ಎಂದರು. ಮಕ್ಕಳಿಗೆ ಪಾಠ ಹೇಳುವ ನಾನು ಮನೆಯಲ್ಲೇ ಇದ್ದ ಒಬ್ಬ ಅಕ್ಕನನ್ನು ಸರಿಯಾಗಿ ನೋಡಿರಲಿಲ್ಲ.

ಅಲ್ಲಾಹನ ಕೃಪೆಯಿಂದ ಆಪಾಗೆ ಎಡಬದಿ ಚೆನ್ನಾಗಿ ಕಾಣುತ್ತಿದೆ. ಬಲಬದಿಯದು ಪೂರ್ತಿ ಮರಳಲಿಲ್ಲ. ತಡವಾಗಿತ್ತು ಎಂದರು ಡಾಕ್ಟರು.

ಸಹೋದರಿಯರೇ, ಅಕಾಲದಲ್ಲಿ ಮುಟ್ಟು ನಿಂತರೆ, ಮಗುವಿಲ್ಲದೆ ಎದೆಹಾಲು ಬಂದರೆ, ಪಕ್ಕದ ದೃಷ್ಟಿ ಕುಂದಿದರೆ ನಾಚದೆ ಡಾಕ್ಟರಿಗೆ ಹೇಳಿ. ಎದೆಹಾಲಿನ ಹಾರ್ಮೋನು ಹೆಚ್ಚಿಸುವ ಗಡ್ಡೆಯಾದರೆ ಬಹುಪಾಲು ಮಾತ್ರೆಯಲ್ಲೇ ಕುಗ್ಗುತ್ತದೆ. ಮನೆಯಲ್ಲಿ ಯಾರಾದರೂ ಪದೇಪದೇ ಎಡವಿದರೆ ಗದರಬೇಡಿ, ಏನು ಕಾಣುತ್ತಿಲ್ಲ ಎಂದು ಕೇಳಿ. ನಾನು ಕೇಳಲಿಲ್ಲ.