ಕೆಸುವಿನ ಮಣಿಗಳು

ಮಕ್ಕಳೇ, ಮಳೆಗಾಲದಲ್ಲಿ ನಿಮ್ಮ ಮನೆಯಲ್ಲಿ ಪತ್ರೊಡೆ ಮಾಡುತ್ತಾರಲ್ಲವೇ? ಕೆಸುವಿನ ಎಲೆಗೆ ಹಿಟ್ಟು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುವ ತಿಂಡಿ ಅದು. ಎಲೆ ಎಲ್ಲರಿಗೂ ಇಷ್ಟ. ಗೆಡ್ಡೆ ಎಂದರೆ ಮಾತ್ರ ಮುಖ ತಿರುಗಿಸುವವರೇ ಹೆಚ್ಚು. ಲೋಳೆ, ತುರಿಕೆ! ಚಿಕ್ಕಂದಿನಲ್ಲಿ ನಾನೂ ಹಾಗೆಯೇ ಇದ್ದೆ. ಆ ಗೆಡ್ಡೆಯನ್ನು ನಾನು ಕೇಳಿ ಕೇಳಿ ತಿಂದದ್ದು ಸಿಂಗಾಪುರದಲ್ಲಿ, ಚೀನೀ ಅಜ್ಜಿಯೊಬ್ಬರ ಅಡುಗೆಮನೆಯಲ್ಲಿ.

2018ರ ಬೇಸಗೆ ರಜೆಯಲ್ಲಿ ನಾನು ತಮ್ಮನ ಮನೆಗೆ ಹೋಗಿದ್ದೆ. ಅವನಿಗೆ ಅಲ್ಲಿ ಕೆಲಸ. ಒಂದು ದಿನ ಅವನು, "ಅಕ್ಕಾ, ಪಕ್ಕದ ಮನೆಯ ಅಜ್ಜಿ ನಿನ್ನನ್ನು ಕರೆಯುತ್ತಿದ್ದಾರೆ. ಕೆಸುವಿನ ಗೆಡ್ಡೆಯ ಅಡುಗೆಯಂತೆ" ಎಂದ. ಬೇಡ ಎನ್ನಲು ಸಂಕೋಚವಾಗಿ ಹೋದೆ.

ಆ ಅಜ್ಜಿಯ ಹಿರಿಯರು ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಮೇಝೌ ಎಂಬ ಗುಡ್ಡಗಾಡಿನವರು. ಹಕ್ಕಾ ಜನ. 'ಹಕ್ಕಾ' ಎಂದರೆ ಅತಿಥಿಗಳಾಗಿ ಬಂದ ಮನೆತನದವರು ಎಂದರ್ಥ. ನೂರಾರು ವರ್ಷಗಳ ಹಿಂದೆ ಅವರು ಉತ್ತರದಿಂದ ದಕ್ಷಿಣಕ್ಕೆ ಬಂದು ನೆಲೆಸಿದರು. ಅತಿಥಿಗಳು ಎಂಬ ಹೆಸರು ಇಂದಿಗೂ ಉಳಿದಿದೆ. ಅವರ ಮಾತು ಬೇರೆ, ಅಡುಗೆಯೂ ಬೇರೆ.

ಅಜ್ಜಿಯ ಮುಂದಿದ್ದ ಗೆಡ್ಡೆ ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ದೊಡ್ಡದು! ಒಳಗೆ ಬಿಳಿ ತಿರುಳು, ನೇರಳೆ ಬಣ್ಣದ ಸಣ್ಣ ಚುಕ್ಕಿಗಳು. ಹಸಿ ಗೆಡ್ಡೆಯಲ್ಲಿ ಸೂಜಿಯಂಥ ಅತಿ ಸಣ್ಣ ಹರಳುಗಳಿರುತ್ತವೆ. ತುರಿಕೆಗೆ ಅವೇ ಕಾರಣ. ಅಜ್ಜಿ ಕೈಗವಸು ಹಾಕಿಕೊಂಡು ಸಿಪ್ಪೆ ತೆಗೆದರು, ಹೋಳು ಮಾಡಿ ಹಬೆಯಲ್ಲಿ ಚೆನ್ನಾಗಿ ಬೇಯಿಸಿದರು. ಬಿಸಿ ಆರುವ ಮೊದಲೇ ಹಿಸುಕಿ, ಅದಕ್ಕೆ ಮರಗೆಣಸಿನ ನಯವಾದ ಹಿಟ್ಟು ಸೇರಿಸಿದರು. ಅರ್ಧ ಕಿಲೋ ಗೆಡ್ಡೆಗೆ ಸುಮಾರು 200 ಗ್ರಾಂ ಹಿಟ್ಟು. ಆರಿದ ಮೇಲೆ ಸೇರಿಸಿದರೆ ಕಣಕ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಇದು ನಾನು ಊರಿಗೆ ಬಂದ ಮೇಲೆ ಕಲಿತ ಪಾಠ, ಮುಂದೆ ಹೇಳುತ್ತೇನೆ.

ಕಣಕದಿಂದ ಸಣ್ಣ ಸಣ್ಣ ಉಂಡೆ ಮಾಡಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇಟ್ಟು ಮೆಲ್ಲನೆ ಒತ್ತಬೇಕು. ಎರಡೂ ಬದಿಯಲ್ಲಿ ಗುಳಿ ಬೀಳುತ್ತದೆ. ಆಗ ಅದು ಥೇಟ್ ಮಣಿಚೌಕಟ್ಟಿನ ಮಣಿ! ಈ ಅಡುಗೆಯ ಹೆಸರೂ ಅದೇ: ಸುವಾನ್‌ಪಾನ್‌ಜಿ, ಅಂದರೆ ಮಣಿಚೌಕಟ್ಟಿನ ಮಣಿಗಳು. ಚೀನಾದ ಮಣಿಚೌಕಟ್ಟಿನ ಪ್ರತಿ ಕಡ್ಡಿಯಲ್ಲಿ ಮೇಲೆ ಎರಡು, ಕೆಳಗೆ ಐದು ಮಣಿಗಳು. ಮೇಲಿನ ಒಂದು ಮಣಿ ಐದಕ್ಕೆ ಸಮ. ಹಾಗಾದರೆ ಏಳನ್ನು ತೋರಿಸಲು ಯಾವ ಯಾವ ಮಣಿ ಸರಿಸಬೇಕು? ಯೋಚಿಸಿ. ಹೊಸ ವರ್ಷದ ದಿನ ಈ ಮಣಿಗಳನ್ನು ತಿಂದರೆ ಎಣಿಸುವಷ್ಟು ಹಣ ಕೈಗೆ ಬರುತ್ತದೆಂದು ಅವರ ನಂಬಿಕೆ.

ಅಜ್ಜಿಯ ಮೊಮ್ಮಗಳೂ ಉಂಡೆ ಮಾಡುತ್ತಿದ್ದಳು. ನಾಲ್ಕನೇ ತರಗತಿಯ ಹುಡುಗಿ. ಶಾಲೆಯಲ್ಲಿ ಅವಳು ಕಲಿಯುವುದು ಇಂಗ್ಲಿಷ್ ಮತ್ತು ಮ್ಯಾಂಡರಿನ್ ಚೀನೀ ಭಾಷೆ. ಚೀನೀ ಮೂಲದವರೆಲ್ಲ ಮ್ಯಾಂಡರಿನ್ ಮಾತನಾಡಬೇಕೆಂದು ಅಲ್ಲಿನ ಸರಕಾರ 1979ರಲ್ಲಿ ಪ್ರಚಾರ ಆರಂಭಿಸಿತ್ತು. ಹಾಗಾಗಿ ಅನೇಕ ಮನೆಗಳಲ್ಲಿ ಅಜ್ಜಿಯ ಮಾತು ಮೊಮ್ಮಕ್ಕಳಿಗೆ ಬಾರದು. ಈ ಹುಡುಗಿ ಅಜ್ಜಿಯ ಮಾತನ್ನು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅರ್ಧ ಅವಳಿಗೇ ತಿಳಿಯುತ್ತಿರಲಿಲ್ಲ. ಆಗ ಮೂವರೂ ಕೈಸನ್ನೆ ಮಾಡುತ್ತಿದ್ದೆವು.

ಅಜ್ಜಿ ಮಣಿಗಳನ್ನು ಎಣಿಸುತ್ತಾ ತಟ್ಟೆಯಲ್ಲಿ ಜೋಡಿಸಿದರು. "ಯಿತ್, ಙಿ, ಸಾಮ್, ಸಿ, ಙ್..."

ನಾನು ಬೆಚ್ಚಿದೆ. ಐದಕ್ಕೆ 'ಙ್'! ಕ, ಖ, ಗ, ಘ, ಙ ಎಂದು ನೀವೂ ಕಲಿತಿದ್ದೀರಿ. 'ಟೀಚರ್, ಈ ಅಕ್ಷರದಿಂದ ಶುರುವಾಗುವ ಒಂದು ಪದ ಹೇಳಿ' ಎಂದು ಮಕ್ಕಳು ಕೇಳಿದಾಗಲೆಲ್ಲ ನಾನು ಮಾತು ಮರೆಸಿದ್ದೇನೆ. ಇಲ್ಲಿ ಆ ಒಂದು ಅಕ್ಷರವೇ ಒಂದು ಪದ. ಹಲಗೆಯ ಮೇಲೆ ಚೆಲ್ಲಿದ ಹಿಟ್ಟಿನಲ್ಲಿ ಬೆರಳಿನಿಂದ 'ಙ್' ಎಂದು ಬರೆದು, ಓದಿ ತೋರಿಸಿದೆ. ಅಜ್ಜಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದರ ಪಕ್ಕದಲ್ಲಿ ಐದು ಮಣಿಗಳನ್ನು ಸಾಲಾಗಿ ಇಟ್ಟರು. ಹುಡುಗಿ ನಗುತ್ತಾ ಹತ್ತರವರೆಗೆ ಅಜ್ಜಿಯೊಂದಿಗೆ ಎಣಿಸಿದಳು.

ಕುದಿಯುವ ನೀರಿಗೆ ಹಾಕಿದ ಮಣಿಗಳು ಮೊದಲು ಮುಳುಗಿದವು, ಬೆಂದ ಮೇಲೆ ತೇಲಿದವು. ಅವುಗಳನ್ನು ತಣ್ಣೀರಿಗೆ ಹಾಕಿ ತೆಗೆದು, ಬೆಳ್ಳುಳ್ಳಿ, ಅಣಬೆ, ಸೋಯಾ ಸಾಸ್, ಕರಿಮೆಣಸಿನ ಪುಡಿಯೊಂದಿಗೆ ಹುರಿದರು. ಅವರ ರೂಢಿಯಲ್ಲಿ ಒಣ ಸಿಗಡಿ, ಕೊಚ್ಚಿದ ಮಾಂಸವೂ ಉಂಟು. ನಾನು ತಿನ್ನುವುದಿಲ್ಲವೆಂದು ಅಂದು ಅವನ್ನು ಬಿಟ್ಟು, ಸೋಯಾ ಹಾಲಿನ ಗಟ್ಟಿ ತೋಫು ಹಾಕಿದರು. ಹೊರಗೆ ನುಣುಪು, ಒಳಗೆ ಜಗಿಯುವಂಥ ಮೆತ್ತಗೆ. ಗುಳಿಯಲ್ಲಿ ರಸ ನಿಂತಿರುತ್ತದೆ. ನಾನು ಎರಡು ಸಲ ಬಡಿಸಿಕೊಂಡೆ.

ಊರಿಗೆ ಬಂದು ಮಾಡಿದೆ. ನಮ್ಮ ಹಿತ್ತಲಿನ ಸಣ್ಣ ಕೆಸುವಿಗೆ ಲೋಳೆ ಹೆಚ್ಚು. ನಾನು ಅದು ಆರುವವರೆಗೆ ಕಾದು ಹಿಟ್ಟು ಬೆರೆಸಿದ್ದೆ. ಕುದಿಯುವ ನೀರಿನಲ್ಲಿ ಮಣಿಗಳೆಲ್ಲ ಕರಗಿಹೋದವು. ಮನೆಯವರು ಅದನ್ನು ಗಂಜಿ ಎಂದುಕೊಂಡು ಉಪ್ಪಿನಕಾಯಿ ಕೇಳಿದರು! ಎರಡನೇ ಸಲ ಬಿಸಿಯಾಗಿರುವಾಗಲೇ ಹಿಟ್ಟು ಹಾಕಿದೆ, ಸ್ವಲ್ಪ ಹೆಚ್ಚಿಗೆ. ಮಣಿಗಳು ನಿಂತವು. ನೀವೂ ಮಾಡಿ ನೋಡಿ. ಗೆಡ್ಡೆ ಹೆಚ್ಚುವ ಕೆಲಸ, ಒಲೆಯ ಕೆಲಸ ದೊಡ್ಡವರಿಗಿರಲಿ. ಗುಳಿ ಒತ್ತುವುದು ನಿಮ್ಮ ಪಾಲಿಗೆ.

ಆ ಅಜ್ಜಿ ಈಗ ಇಲ್ಲ. ಅವರು ಹೋದ ನಂತರದ ಹೊಸ ವರ್ಷಕ್ಕೆ ಮೊಮ್ಮಗಳೇ ಸುವಾನ್‌ಪಾನ್‌ಜಿ ಮಾಡಿ ತಮ್ಮನ ಮನೆಗೂ ಕೊಟ್ಟಳಂತೆ. ತಟ್ಟೆಗೆ ಹಾಕುವಾಗ ಜೋರಾಗಿ ಎಣಿಸಿದಳಂತೆ. ಹತ್ತರವರೆಗೆ ಅಜ್ಜಿಯ ಮಾತಿನಲ್ಲಿ, ಹನ್ನೊಂದರಿಂದ ಇಂಗ್ಲಿಷಿನಲ್ಲಿ.